‘ಡೆಡ್ ರಿಂಗರ್’ ಎಂದು ಬರೆದು ಕಳುಹಿಸಿಬಿಟ್ಟೆ, ಈಗ ಏನು ಮಾಡಲಿ?

ಕಾಳುಮೆಣಸು:
ಒಂದು ಎಡವಟ್ಟು ಮಾಡಿಕೊಂಡು ಕುಳಿತಿದ್ದೇನೆ. ಇಂಗ್ಲಿಷ್ ಬಲ್ಲವರು ದಾರಿ ತೋರಿಸಿ.

ನಾನು ದಿನವೂ ಜೊತೆಯಲ್ಲಿ ಕೆಲಸ ಮಾಡುವ ಸಹೋದ್ಯೋಗಿಯೊಬ್ಬರು ಇಂಗ್ಲೆಂಡಿನ ಲೀಡ್ಸ್‌ನಲ್ಲಿದ್ದಾರೆ. ಹೋದ ವಾರ ಅವರಿಗೆ ಗಂಡು ಮಗು ಹುಟ್ಟಿತು. ನಿನ್ನೆ ಸಂಜೆ ಕಚೇರಿಯ ಗುಂಪಿನಲ್ಲಿ ಎರಡು ಫೋಟೋ ಹಾಕಿದರು. ಒಂದರಲ್ಲಿ ಮಗು, ಇನ್ನೊಂದರಲ್ಲಿ ಅವರ ತಂದೆ, ಹಳೆಯ ಕಪ್ಪು ಬಿಳುಪು ಚಿತ್ರ. ಅದೇ ಅಗಲವಾದ ಹಣೆ, ತುದಿಯಲ್ಲಿ ಮೇಲಕ್ಕೆ ತಿರುಗಿದ ಅದೇ ಮೂಗು. ಎಡಗಿವಿ ಮಾತ್ರ ತುಸು ಮುಂದಕ್ಕೆ ಬಾಗಿದೆಯಲ್ಲ, ಅದು ಕೂಡ ಅದೇ! ಮಿಕ್ಕವರೆಲ್ಲ ಹೃದಯದ ಚಿತ್ರ ಒತ್ತಿ ಸುಮ್ಮನಾದರು. ನನಗೋ ಇಂಗ್ಲಿಷ್ ನುಡಿಗಟ್ಟು ಪ್ರಯೋಗಿಸುವ ಚಪಲ. ಮಗು ತಾತನ ‘ಡೆಡ್ ರಿಂಗರ್’ ಎಂದು ಬರೆದು ಕಳುಹಿಸಿದೆ.

ಹತ್ತು ನಿಮಿಷದಲ್ಲಿ ಇನ್ನೊಬ್ಬ ಸಹೋದ್ಯೋಗಿ ಬೇರೆಯಾಗಿ ಸಂದೇಶ ಕಳುಹಿಸಿದ: ‘ಆ ತಾತ ತೀರಿಕೊಂಡು ಮೂರು ತಿಂಗಳೂ ಆಗಿಲ್ಲ.’ ಅಲ್ಲಿಂದ ಇಲ್ಲಿಯವರೆಗೆ ಲೀಡ್ಸ್‌ನಿಂದ ಉತ್ತರವಿಲ್ಲ. ನನ್ನ ಹೆಂಡತಿ ಬೇರೆ, ‘ಸತ್ತವರ ವಿಷಯದಲ್ಲಿ ಸತ್ತ ಎಂಬ ಪದವನ್ನೇ ಹುಡುಕಿ ತಂದು ಹಾಕಿದ್ದೀರಲ್ಲ, ನಿಮ್ಮ ಜಾಣತನಕ್ಕೆ ಏನೆನ್ನಲಿ’ ಎಂದು ರಾತ್ರಿಯಿಂದ ಚುಚ್ಚುತ್ತಿದ್ದಾಳೆ. ‘ಸ್ಪಿಟಿಂಗ್ ಇಮೇಜ್’ ಎನ್ನಬಹುದಿತ್ತು, ಆದರೆ ಅದರಲ್ಲಿ ಉಗುಳು ಇದೆ. ಒಂದರಲ್ಲಿ ಸಾವು, ಇನ್ನೊಂದರಲ್ಲಿ ಉಗುಳು. ಮಗು ತಾತನ ಹಾಗಿದೆ ಎನ್ನಲು ಈ ಇಂಗ್ಲಿಷಿನವರಿಗೆ ನೆಟ್ಟಗಿನ ಮಾತೇ ಇಲ್ಲವೇ? ಬರೆದದ್ದನ್ನು ಅಳಿಸಲೇ, ಬೇಡವೇ?

ನಿವೃತ್ತ ಮೇಷ್ಟ್ರು:
ಅಳಿಸಬೇಡಿ. ಅಳಿಸಿದರೆ ಅಳಿಸಿದ ಗುರುತು ಉಳಿಯುತ್ತದೆ, ಅದು ಇನ್ನೂ ಕೆಟ್ಟದ್ದು.

ಇಲ್ಲಿ ‘ಡೆಡ್’ ಎಂದರೆ ಸತ್ತದ್ದು ಎಂದಲ್ಲ, ‘ಕರಾರುವಾಕ್ಕಾಗಿ’, ‘ಸಂಪೂರ್ಣವಾಗಿ’ ಎಂದು. ಗುರಿ ತಪ್ಪದ ಬಿಲ್ಲುಗಾರನಿಗೆ ‘ಡೆಡ್ ಶಾಟ್’ ಎನ್ನುತ್ತಾರೆ, ನಟ್ಟನಡುವಿಗೆ ‘ಡೆಡ್ ಸೆಂಟರ್’ ಎನ್ನುತ್ತಾರೆ. ಓಟದಲ್ಲಿ ಇಬ್ಬರೂ ಒಂದೇ ಕ್ಷಣಕ್ಕೆ ಗೆರೆ ಮುಟ್ಟಿದರೆ ‘ಡೆಡ್ ಹೀಟ್’. ಯಾರೂ ಸತ್ತಿರುವುದಿಲ್ಲ. ‘ರಿಂಗರ್’ ಬಂದದ್ದು ಕುದುರೆ ಜೂಜಿನಿಂದ. ಹತ್ತೊಂಬತ್ತನೆಯ ಶತಮಾನದ ಕೊನೆಯ ಹೊತ್ತಿಗೆ ಅಮೆರಿಕದಲ್ಲಿ, ಕಳಪೆ ಕುದುರೆಯ ಹೆಸರಿನಲ್ಲಿ ಅದೇ ಬಣ್ಣ, ಅದೇ ಎತ್ತರದ ಚುರುಕಾದ ಕುದುರೆಯನ್ನು ಓಡಿಸಿ ಬಾಜಿ ದೋಚುತ್ತಿದ್ದರು. ಹಾಗೆ ಬದಲಿಗೆ ನಿಂತ ಕುದುರೆಯೇ ‘ರಿಂಗರ್’. ನೀವು ಮಗುವನ್ನು ಹೆಣಕ್ಕೆ ಹೋಲಿಸಿಲ್ಲ, ಮೋಸದ ಕುದುರೆಗೆ ಹೋಲಿಸಿದ್ದೀರಿ. ಧೈರ್ಯವಾಗಿರಿ.

ಇನ್ನೊಂದು ಮಾತು. ಅದರ ಮುಂದೆ ‘ಫಾರ್’ ಬರಬೇಕು, ‘ಆಫ್’ ಅಲ್ಲ. ‘ಸ್ಪಿಟಿಂಗ್ ಇಮೇಜ್’ ಮುಂದೆ ‘ಆಫ್’. ನೀವು ಸರಿಯಾಗಿಯೇ ಬರೆದಿರುತ್ತೀರಿ ಎಂದುಕೊಳ್ಳುತ್ತೇನೆ.

ಗಾಳಿಪಟ:
ಮೇಷ್ಟ್ರೇ, ನಾನು ಓದಿದ್ದು ಬೇರೆ. ಹಿಂದೆ ಇಂಗ್ಲೆಂಡಿನಲ್ಲಿ ಜೀವ ಇರುವವರನ್ನೇ ತಪ್ಪಿ ಹೂಳುತ್ತಿದ್ದರಂತೆ. ಅದಕ್ಕೆ ಹೆಣದ ಬೆರಳಿಗೆ ದಾರ ಕಟ್ಟಿ, ದಾರದ ತುದಿಯನ್ನು ಗೋರಿಯ ಮೇಲಿನ ಗಂಟೆಗೆ ಕಟ್ಟುತ್ತಿದ್ದರಂತೆ. ಎಚ್ಚರವಾದವನು ಗಂಟೆ ಬಾರಿಸಿದರೆ ಅವನೇ ‘ಡೆಡ್ ರಿಂಗರ್’. ಆಮೇಲೆ ಅವನು ಊರಿನಲ್ಲಿ ತಿರುಗಾಡುವಾಗ ‘ಸತ್ತವನ ಹಾಗೇ ಇದ್ದಾನಲ್ಲ’ ಎಂದು ಜನ ಬೆರಗಾಗುತ್ತಿದ್ದರಂತೆ.

ನಿವೃತ್ತ ಮೇಷ್ಟ್ರು:
ನಿಮ್ಮ ಕಥೆಯಲ್ಲಿ ಮೂರು ‘ಅಂತೆ’ ಇವೆ. ಅದೇ ಸಾಕ್ಷಿ.

ಗಂಟೆಯ ಶವಪೆಟ್ಟಿಗೆ ಮಾತ್ರ ಸುಳ್ಳಲ್ಲ. 1868ರಲ್ಲಿ ಅಮೆರಿಕದಲ್ಲಿ ಅಂಥದ್ದೊಂದಕ್ಕೆ ಪೇಟೆಂಟ್ ಕೂಡ ಕೊಟ್ಟಿದ್ದಾರೆ, ಗಂಟೆಯ ಜೊತೆಗೆ ಹತ್ತಿ ಬರಲು ಏಣಿಯೂ ಇತ್ತು. ಆದರೆ ಈ ನುಡಿಗಟ್ಟಿಗೂ ಆ ಪೆಟ್ಟಿಗೆಗೂ ಸಂಬಂಧವಿಲ್ಲ. ಇದೇ ಕಥೆಯನ್ನು ‘ಸೇವ್ಡ್ ಬೈ ದ ಬೆಲ್’ ಎಂಬುದಕ್ಕೂ ಅಂಟಿಸುತ್ತಾರೆ. ಅದು ಬಾಕ್ಸಿಂಗ್ ಅಖಾಡದ ಗಂಟೆ.

ಗಾಳಿಪಟ:
ಕುದುರೆಗಿಂತ ನನ್ನ ಕಥೆ ಚೆನ್ನಾಗಿದೆ, ಅಷ್ಟು ಹೇಳಿ ಸುಮ್ಮನಾಗುತ್ತೇನೆ.

ತವರುಮನೆ:
ಮೇಷ್ಟ್ರು ಹೇಳಿದ್ದು ಪುಸ್ತಕದ ಲೆಕ್ಕಕ್ಕೆ ಸರಿ. ಆದರೆ ತಂದೆ ತೀರಿಕೊಂಡ ಮನೆಯಲ್ಲಿ ಕುದುರೆ ಜೂಜಿನ ಇತಿಹಾಸ ಯಾರಿಗೆ ನೆನಪಾಗುತ್ತದೆ? ಕಿವಿಗೆ ಬೀಳುವುದು ‘ಡೆಡ್’ ಒಂದೇ. ನಮ್ಮ ಮನೆಗಳಲ್ಲಿ ಅಕ್ಕಿ ಮುಗಿಯಿತು ಎನ್ನುವುದಿಲ್ಲ, ಹೆಚ್ಚಾಯಿತು ಎನ್ನುತ್ತೇವೆ. ದೀಪ ಆರಿಸು ಎನ್ನುವುದಿಲ್ಲ, ಶಾಂತ ಮಾಡು ಎನ್ನುತ್ತೇವೆ. ಹೊರಡುವಾಗ ಹೋಗುತ್ತೇನೆ ಎಂದರೆ ನನ್ನ ಅತ್ತೆ ಈಗಲೂ ಬಾಗಿಲಿಗೆ ಬಂದು ತಿದ್ದುತ್ತಾರೆ. ಅಂಥ ಮನೆಯಲ್ಲಿ ಬೆಳೆದ ನಿಮಗೆ ಈ ಪದವನ್ನು ಟೈಪ್ ಮಾಡುವಾಗ ಕೈ ತಡೆಯಲಿಲ್ಲವೇ?

ಬರ್ಮಿಂಗ್‌ಹ್ಯಾಮ್ ಬಿಸಿಬೇಳೆ:
ಹದಿನೆಂಟು ವರ್ಷದಿಂದ ಇಲ್ಲಿದ್ದೇನೆ, ಹೇಳುತ್ತೇನೆ ಕೇಳಿ. ಇಲ್ಲಿಯವರ ಕಿವಿಗೆ ಈ ‘ಡೆಡ್’ ತಟ್ಟುವುದೇ ಇಲ್ಲ. ಅದರಲ್ಲೂ ಲೀಡ್ಸ್, ಮ್ಯಾಂಚೆಸ್ಟರ್ ಕಡೆ ‘ಬಹಳ’ ಎನ್ನುವುದಕ್ಕೇ ‘ಡೆಡ್’ ಎನ್ನುತ್ತಾರೆ. ಸಾರು ರುಚಿಯಾಗಿದ್ದರೆ ‘ಡೆಡ್ ಗುಡ್’, ಸುಲಭವಾಗಿದ್ದರೆ ‘ಡೆಡ್ ಈಸಿ’. ನಾನು ಬಂದ ಹೊಸತರಲ್ಲಿ ಪಕ್ಕದ ಮನೆಯಾಕೆ ನನ್ನ ಮಗಳನ್ನು ನೋಡಿ ‘ಡೆಡ್’ ಎಂದು ಶುರು ಮಾಡಿದ ಕೂಡಲೇ ನನ್ನ ಎದೆ ಹಾರಿಹೋಗಿತ್ತು. ‘ಬಹಳ ಮುದ್ದಾಗಿದ್ದಾಳೆ’ ಎನ್ನುತ್ತಿದ್ದರು, ಅಷ್ಟೇ.

ಆದರೂ ಒಂದು ಸೂಕ್ಷ್ಮವಿದೆ. ‘ಡೆಡ್ ರಿಂಗರ್’ ಅನ್ನು ಸಾಮಾನ್ಯವಾಗಿ ಸಂಬಂಧವೇ ಇಲ್ಲದ ಇಬ್ಬರು ಒಂದೇ ಹಾಗೆ ಕಂಡಾಗ ಬಳಸುತ್ತಾರೆ. ಬಸ್ಸಿನಲ್ಲಿ ಎದುರು ಕುಳಿತವನು ಪ್ರಧಾನಿಯ ಹಾಗೇ ಇದ್ದಾನೆ ಎಂದುಕೊಳ್ಳಿ, ಅವನು ‘ಡೆಡ್ ರಿಂಗರ್’. ಮನೆಯ ಮಗು ತಾತನ ಹಾಗಿದ್ದರೆ ‘ಸ್ಪಿಟಿಂಗ್ ಇಮೇಜ್’, ಇಲ್ಲವೇ ಬರೀ ‘ಸ್ಪಿಟ್’. ತಪ್ಪಂತೂ ಅಲ್ಲ, ಸ್ವಲ್ಪ ಪಕ್ಕಕ್ಕೆ ಬಿದ್ದಿದೆ.

ಹಾಂ, ‘ಸ್ಪಿಟಿಂಗ್ ಇಮೇಜ್’ ಎಂಬ ಹೆಸರಿನಲ್ಲಿ ಇಲ್ಲಿ 1984ರಿಂದ 1996ರವರೆಗೆ ಒಂದು ಟಿವಿ ಕಾರ್ಯಕ್ರಮವೂ ಬರುತ್ತಿತ್ತು. ರಬ್ಬರ್ ಗೊಂಬೆಗಳಲ್ಲಿ ರಾಜಕಾರಣಿಗಳನ್ನೂ ರಾಜಮನೆತನವನ್ನೂ ಲೇವಡಿ ಮಾಡುವುದು ಅದರ ಕೆಲಸ. ಥ್ಯಾಚರ್ ಅವರಿಗೆ ಗಂಡಸರ ಸೂಟು ತೊಡಿಸಿದ್ದರು. ಹೋಲಿಕೆಯೂ ಇತ್ತು, ಉಗುಳುವುದೂ ಇತ್ತು.

ಅಂಚಿನ ಟಿಪ್ಪಣಿ:
ಅನುವಾದ ನನ್ನ ಕಸುಬು, ಅದಕ್ಕೇ ಬಾಯಿ ಹಾಕುತ್ತಿದ್ದೇನೆ. ಈ ಉಗುಳು ಹೊಲಸಿನ ಉಗುಳಲ್ಲ. ಅಪ್ಪನ ಬಾಯಿಂದಲೇ ಉದುರಿ ಬಿದ್ದ ಹಾಗಿದ್ದಾನೆ ಎಂಬುದು ಭಾವ. 1698ರಷ್ಟು ಹಿಂದೆಯೇ ಜಾರ್ಜ್ ಫಾರ್ಕರ್ ಎಂಬ ನಾಟಕಕಾರನ ಪಾತ್ರವೊಂದು, ಈ ಕೂಸು ಅಪ್ಪನ ಬಾಯಿಂದ ಉಗುಳಿದಂತಿದೆ ಎನ್ನುತ್ತದೆ. ಆಮೇಲೆ ಅದು ‘ಸ್ಪಿಟ್ ಆ್ಯಂಡ್ ಇಮೇಜ್’ ಆಯಿತು. ಬೇಗ ಬೇಗ ಹೇಳುತ್ತಾ ಹೇಳುತ್ತಾ ನಡುವಿನ ಪದ ಸವೆದು ‘ಸ್ಪಿಟಿಂಗ್’ ಎಂದಾಯಿತು. ಈಗ ಕೆಲವರು ಅದನ್ನೂ ಕೇಳಿಸಿಕೊಳ್ಳದೆ ‘ಸ್ಪ್ಲಿಟಿಂಗ್ ಇಮೇಜ್’ ಎಂದು ಬರೆಯುತ್ತಾರೆ. ಕಟ್ಟಿಗೆಯನ್ನು ಎರಡಾಗಿ ಸೀಳಿದರೆ ಎರಡು ಹೋಳೂ ಒಂದೇ ಹಾಗಿರುತ್ತವೆ ಎಂದು ಸಮರ್ಥನೆ ಬೇರೆ.

ಫ್ರೆಂಚರದೂ ಇದೇ ಕಥೆ, ‘ಪೋರ್‌ಟ್ರೇ ಕ್ರಾಶೆ’ ಎಂದರೆ ಉಗುಳಿದ ಭಾವಚಿತ್ರ. ಇಟಲಿಯವರೂ ಸ್ಪೇನಿನವರೂ ಉಗುಳುತ್ತಾರೆ. ಜರ್ಮನರು ಶುಚಿಯ ಜನ, ‘ಮುಖದಿಂದ ಕತ್ತರಿಸಿ ತೆಗೆದ ಹಾಗೆ’ ಎನ್ನುತ್ತಾರೆ. ತುರ್ಕಿಯವರು ಎಲ್ಲರನ್ನೂ ಮೀರಿಸಿದ್ದಾರೆ: ‘ಹಿಕ್ ಎಂದಾಗ ಅವರ ಮೂಗಿನಿಂದ ಬಿದ್ದವನು.’

ತವರುಮನೆ:
ಮೂಗಿನಿಂದಲೇ! ಅದಕ್ಕಿಂತ ಸತ್ತ ಕುದುರೆಯೇ ವಾಸಿ.

ನಿವೃತ್ತ ಮೇಷ್ಟ್ರು:
ಕುದುರೆ ಸತ್ತಿಲ್ಲ.

ಕೆ.ಆರ್.ಪುರದ ಕಾಗೆ:
ದೂರದ ತುರ್ಕಿಗೆ ಏಕೆ ಹೋಗುತ್ತೀರಿ? ನಮ್ಮ ಬೀದಿಗೆ ಬನ್ನಿ. ಎಡಗಡೆಯ ತಮಿಳರ ಮನೆಯಲ್ಲಿ ಮಗು ಅಪ್ಪನನ್ನು ‘ಉರಿಚ್ಚು ವೆಚ್ಚಿರುಕ್ಕು’ ಎನ್ನುತ್ತಾರೆ, ಸಿಪ್ಪೆ ಸುಲಿದು ಇಟ್ಟ ಹಾಗಿದೆ ಎಂದು. ಬಲಗಡೆಯ ತೆಲುಗರು ‘ಅಚ್ಚು ಗುದ್ದಿನಟ್ಟು’ ಎನ್ನುತ್ತಾರೆ, ಮುದ್ರೆ ಒತ್ತಿದ ಹಾಗೆ. ನಡುವಿನ ನಮ್ಮ ಮನೆಯಲ್ಲಿ ಅಜ್ಜಿ ‘ಎರಕ ಹೊಯ್ದ ಹಾಗಿದೆ’ ಎನ್ನುತ್ತಿದ್ದರು. ನನ್ನ ಮಗ ಹುಟ್ಟಿದಾಗ ಮೂರು ಮನೆಯವರೂ ತೊಟ್ಟಿಲ ಸುತ್ತ ನಿಂತು ಅವನನ್ನು ಸುಲಿದು, ಗುದ್ದಿ, ಎರಕ ಹೊಯ್ದರು. ಕೊನೆಗೆ ನೋಡಿದರೆ ಅವನು ಸೋದರಮಾವನ ಹಾಗಾದ.

ಹಳೆಯ ಟೈಪಿಸ್ಟ್:
‘ಕಾರ್ಬನ್ ಕಾಪಿ’ಯನ್ನು ಯಾರೂ ಎತ್ತಲಿಲ್ಲವಲ್ಲ ಎಂದು ನೋವಾಯಿತು. ಮೂವತ್ತೊಂದು ವರ್ಷ ಸರ್ಕಾರಿ ಕಚೇರಿಯೊಂದರಲ್ಲಿ ಟೈಪ್ ಮಾಡಿದವನು ನಾನು. ಇಂದು ‘ಅಪ್ಪನ ಕಾರ್ಬನ್ ಕಾಪಿ’ ಎನ್ನುವ ಹುಡುಗರು ಕಾರ್ಬನ್ ಹಾಳೆಯನ್ನು ಮುಟ್ಟಿ ಕೂಡ ನೋಡಿಲ್ಲ. ನಿಮ್ಮ ಇಮೇಲಿನಲ್ಲಿ ಪ್ರತಿ ಕಳುಹಿಸುವಲ್ಲಿ ಬರುವ ‘ಸಿಸಿ’ ಎಂಬುದು ಅದೇ ಕಾರ್ಬನ್ ಕಾಪಿ, ಗೊತ್ತಿರಲಿ.

ಆದರೆ ಕಾರ್ಬನ್ ಪ್ರತಿ ಎಂದೂ ಮೂಲದ ಹಾಗಿರುವುದಿಲ್ಲ. ಒಂದು ಮೂಲಕ್ಕೆ ನಾಲ್ಕು ಪ್ರತಿ ತೆಗೆಯುತ್ತಿದ್ದೆವು. ಮೊದಲನೆಯದು ಸ್ಪಷ್ಟ, ಎರಡನೆಯದು ಪರವಾಗಿಲ್ಲ, ಮೂರನೆಯದರಲ್ಲಿ ‘ಇ’ಯೂ ‘ಸಿ’ಯೂ ಒಂದೇ, ನಾಲ್ಕನೆಯದು ಕಚೇರಿ ಕಡತಕ್ಕೆ, ಅಂದರೆ ಯಾರೂ ಓದದಿರುವುದಕ್ಕೆ. ನಮ್ಮ ಅಪ್ಪನಿಗೆ ನಾವು ನಾಲ್ವರು ಗಂಡುಮಕ್ಕಳು. ದೊಡ್ಡಣ್ಣನದು ಅಪ್ಪನ ಮುಖ, ಅಪ್ಪನ ಧ್ವನಿ, ಅಪ್ಪನ ಸಿಟ್ಟು. ನಾನು ನಾಲ್ಕನೆಯವನು. ಉಳಿದದ್ದು ನೀವೇ ಊಹಿಸಿ.

ಇನ್ನೊಂದು. ಕಾರ್ಬನ್ನಿನ ಹೊಳೆಯುವ ಮಗ್ಗುಲು ಕೆಳಗಿರಬೇಕು. ಕೆಲಸಕ್ಕೆ ಸೇರಿದ ಮೊದಲ ವಾರ ತಿರುಗಾಮುರುಗಾ ಇಟ್ಟು ಎರಡು ಪುಟದ ಆದೇಶ ಹೊಡೆದೆ. ಕೆಳಗಿನ ಹಾಳೆ ಬಿಳಿಯಾಗಿಯೇ ಉಳಿದಿತ್ತು. ಮೂಲದ ಬೆನ್ನಿನ ಮೇಲೆ ಇಡೀ ಆದೇಶ ಕನ್ನಡಿಯಲ್ಲಿ ಕಂಡ ಹಾಗೆ ಎಡಬಲ ಮಗುಚಿ ಮೂಡಿತ್ತು. ಸಾಹೇಬರು ಅದನ್ನು ಕಿಟಕಿಯ ಬೆಳಕಿಗೆ ಹಿಡಿದು ಪೂರ್ತಿ ಓದಿದರು, ಆಮೇಲೆ ಬೈದರು. ಅಪ್ಪ ಬಲಗೈಯವನಾಗಿ ಮಗ ಎಡಗೈಯವನಾದರೆ ನಾನು ಈಗಲೂ ‘ಕಾರ್ಬನ್ ತಿರುಗಿಸಿ ಇಟ್ಟಿದ್ದಾರೆ’ ಎನ್ನುತ್ತೇನೆ. ಮನೆಯಲ್ಲಿ ಯಾರೂ ನಗುವುದಿಲ್ಲ.

ಗಾಳಿಪಟ:
ನಾನು ನಕ್ಕೆ ಸರ್. ‘ಜೆರಾಕ್ಸ್’ ಅನ್ನೂ ಸೇರಿಸಿ, ನಮ್ಮ ಊರಿನಲ್ಲಿ ‘ಅಮ್ಮನ ಜೆರಾಕ್ಸ್’ ಎಂದೇ ಹೇಳುವುದು.

ಹಳೆಯ ಟೈಪಿಸ್ಟ್:
ಆ ಯಂತ್ರವೇ ನಮ್ಮ ಅನ್ನ ತೆಗೆದದ್ದು, ಅದರ ಹೆಸರು ಎತ್ತಬೇಡಿ.

ಅಟ್ಲಾಂಟಾ ಅವರೆಕಾಳು:
ಅಮೆರಿಕದ ದಕ್ಷಿಣದ ಒಂದು ಮಾತಿನಿಂದ ನನ್ನ ಸಂಸಾರ ಎರಡು ದಿನ ಅಲ್ಲಾಡಿದ್ದನ್ನು ಹೇಳಲೇಬೇಕು.

ಆಗ ಅತ್ತೆ ಹಾಸನದಿಂದ ಆರು ತಿಂಗಳಿಗೆಂದು ಬಂದಿದ್ದರು. ಮಗಳಿಗೆ ನಾಲ್ಕು ವರ್ಷ. ಒಂದು ದಿನ ಉದ್ಯಾನದಲ್ಲಿ ಪಕ್ಕದ ಬೀದಿಯ ವಯಸ್ಸಾದ ಹೆಂಗಸೊಬ್ಬರು ಅತ್ತೆಯನ್ನೂ ಮಗಳನ್ನೂ ಮೂರು ಸಲ ತಿರುಗಿ ತಿರುಗಿ ನೋಡಿ, ಮಗು ಅಜ್ಜಿಯನ್ನು ‘ಫೇವರ್’ ಮಾಡುತ್ತದೆ ಎಂದರು. ನನಗೆ ಉರಿಯಿತು. ಪರಿಚಯವೇ ಇಲ್ಲದವರಿಗೂ ಕಾಣುವಷ್ಟು ಈ ಮಗು ಅಜ್ಜಿಯ ಕಡೆ ವಾಲಿದೆ ಎಂದಾಯಿತಲ್ಲ! ಅಷ್ಟರಲ್ಲಿ ಅತ್ತೆಯ ಸೆರಗಿನಲ್ಲಿ ಕೊಬ್ಬರಿ ಮಿಠಾಯಿ ಇದ್ದದ್ದನ್ನು ನಾನು ಬೇರೆ ನೋಡಿದ್ದೆ. ರಾತ್ರಿ ಗಂಡನ ಹತ್ತಿರ, ‘ನಿಮ್ಮ ಅಮ್ಮ ಮಗುವನ್ನು ತಮ್ಮ ಕಡೆ ಸೆಳೆದುಕೊಳ್ಳುತ್ತಿದ್ದಾರೆ, ಊರಿನವರೆಲ್ಲ ಆಡಿಕೊಳ್ಳುತ್ತಿದ್ದಾರೆ’ ಎಂದು ಶುರು ಮಾಡಿದೆ. ಎರಡು ದಿನ ಮಾತಿಲ್ಲ, ಕಥೆಯಿಲ್ಲ. ಮೂರನೆಯ ದಿನ ಕೆಲಸದ ಜಾಗದಲ್ಲಿ ಇದನ್ನು ಹೇಳಿಕೊಂಡು ಅತ್ತರೆ ಅಲ್ಲಿಯ ಹೆಂಗಸರು ಬಿದ್ದು ಬಿದ್ದು ನಕ್ಕರು. ಅಲ್ಲಿಯ ಹಳಬರ ಬಾಯಲ್ಲಿ ‘ಫೇವರ್’ ಎಂದರೆ ಮುಖ ಹೋಲುವುದು. ಪಕ್ಷಪಾತ ಅಲ್ಲ!

ಅತ್ತೆಗೆ ಇಂದಿಗೂ ಹೇಳಿಲ್ಲ. ಮಗಳ ಮುಖ ಮಾತ್ರ ದಿನದಿನಕ್ಕೆ ಅವರದೇ ಆಗುತ್ತಿದೆ.

ತವರುಮನೆ:
ಮಿಠಾಯಿಯ ವಿಷಯ ಮಾತ್ರ ನಿಜ ತಾನೇ?

ಅಟ್ಲಾಂಟಾ ಅವರೆಕಾಳು:
ನಿಜ.

ಎರಡನೇ ಬೆಂಚು:
ಪ್ರೌಢಶಾಲೆಯಲ್ಲಿ ಜೀವಶಾಸ್ತ್ರ ಪಾಠ ಮಾಡುತ್ತೇನೆ. ‘ಟೂ ಪೀಸ್ ಇನ್ ಎ ಪಾಡ್’ ಎಂದು ಇಂಗ್ಲಿಷಿನವರು ಹದಿನಾರನೆಯ ಶತಮಾನದಿಂದಲೂ ಬಟಾಣಿಕಾಳನ್ನು ಹೋಲಿಕೆಗೆ ಎಳೆಯುತ್ತಿದ್ದಾರೆ. ಒಂದೇ ಸಿಪ್ಪೆಯೊಳಗಿನ ಎರಡು ಕಾಳು ಒಂದೇ ಹಾಗೆ ಎಂದು. ಒಂದೇ ಹಾಗೆ ಇಲ್ಲ ಎಂದು ತೋರಿಸಿದವನು ಮೆಂಡೆಲ್! ಬ್ರನೊ ಎಂಬ ಊರಿನ ಮಠದ ತೋಟದಲ್ಲಿ ವರ್ಷಗಟ್ಟಲೆ ಬಟಾಣಿ ಬೆಳೆದು, ನುಣುಪು ಕಾಳಿನ ಗಿಡಕ್ಕೂ ಸುಕ್ಕು ಕಾಳಿನ ಗಿಡಕ್ಕೂ ಸಂಕರ ಮಾಡಿದ. ಮೊದಲ ಪೀಳಿಗೆಯಲ್ಲಿ ಎಲ್ಲವೂ ನುಣುಪು. ಎರಡನೆಯದರಲ್ಲಿ ಎಣಿಸಿದಾಗ ನುಣುಪು 5474, ಸುಕ್ಕು 1850, ಹೆಚ್ಚುಕಡಿಮೆ ಮೂರಕ್ಕೆ ಒಂದು. ಅವು ಬೇರೆ ಬೇರೆ ಸಿಪ್ಪೆಯಲ್ಲಿ ಇರಲಿಲ್ಲ, ಒಂದೇ ಸಿಪ್ಪೆಯೊಳಗೆ ನುಣುಪಿನ ಪಕ್ಕದಲ್ಲೇ ಸುಕ್ಕು ಕುಳಿತಿತ್ತು. 1866ರಲ್ಲಿ ಅದನ್ನು ಪ್ರಕಟಿಸಿದ, ಮೂವತ್ತನಾಲ್ಕು ವರ್ಷ ಯಾರೂ ಗಮನ ಕೊಡಲಿಲ್ಲ.

ತಾತನ ಮೂಗು ಅಪ್ಪನನ್ನು ಬಿಟ್ಟು ಮೊಮ್ಮಗನಲ್ಲಿ ಬರುವುದು ಏಕೆ ಎಂದು ಮಕ್ಕಳು ಕೇಳಿದಾಗ ನಾನು ಈ ಬಟಾಣಿಯನ್ನೇ ಹಿಡಿದುಕೊಂಡು ಹೋಗುತ್ತೇನೆ. ಮೂಗಿಗೆ ಹತ್ತಾರು ಜೀನುಗಳಿವೆ, ಬಟಾಣಿಯಷ್ಟು ಸರಳವಲ್ಲ ಎಂದೂ ಹೇಳುತ್ತೇನೆ. ಕಾಳುಮೆಣಸು ಅವರ ಲೀಡ್ಸ್ ಮಗುವಿಗೆ ಮಾತ್ರ ಬಟಾಣಿಯ ಉಪಮೆ ಹೊಂದುವುದಿಲ್ಲ. ಅದಕ್ಕೆ ಇಬ್ಬರೂ ಜೊತೆಜೊತೆಗೆ ಇರಬೇಕು, ಅಕ್ಕತಂಗಿಯರೋ ಗೆಳೆಯರೋ. ತಾತ ಮೊಮ್ಮಗ ಒಂದೇ ಸಿಪ್ಪೆಯಲ್ಲಿ ಇರುವುದಿಲ್ಲ.

ಶಾಲಾ ಪಾಟಿ:
‘ಚಿಪ್ ಆಫ್ ದಿ ಓಲ್ಡ್ ಬ್ಲಾಕ್’ ಬಿಟ್ಟಿರಿ. ದೊಡ್ಡ ಮರದ ಕೊರಡಿನಿಂದ ಸಿಡಿದ ಚಕ್ಕೆ. ಇದು ಮುಖಕ್ಕಿಂತ ಗುಣಕ್ಕೆ ಹೆಚ್ಚು ಹೊಂದುತ್ತದೆ. ಅಪ್ಪನ ವ್ಯಾಪಾರ ಬುದ್ಧಿ ಮಗನಿಗೆ ಬಂದಿದ್ದರೆ ಚಕ್ಕೆ ಎನ್ನಬಹುದು, ಅಪ್ಪನ ಗುಂಡುಮುಖ ಬಂದಿದ್ದರೆ ಎನ್ನುವುದು ಕಡಿಮೆ.

ಇದನ್ನು ಎಲ್ಲರಿಗಿಂತ ಚೆನ್ನಾಗಿ ತಿರುಗಿಸಿದವನು ಎಡ್ಮಂಡ್ ಬರ್ಕ್ ಎನ್ನುತ್ತಾರೆ. 1781ರ ಫೆಬ್ರವರಿಯಲ್ಲಿ ಇಪ್ಪತ್ತೊಂದು ವರ್ಷದ ಹುಡುಗ ವಿಲಿಯಂ ಪಿಟ್ ಬ್ರಿಟಿಷ್ ಸಂಸತ್ತಿನಲ್ಲಿ ಮೊದಲ ಭಾಷಣ ಮಾಡಿದ. ಅವನ ತಂದೆಯೂ ಅದೇ ಹೆಸರಿನ ಮಹಾ ವಾಗ್ಮಿ, ಪ್ರಧಾನಿಯಾಗಿದ್ದವನು. ಕೇಳಿದ ಬರ್ಕ್, ಇದು ಆ ಕೊರಡಿನ ಚಕ್ಕೆಯಲ್ಲ, ಆ ಕೊರಡೇ ಎಂದನಂತೆ. ಮೂರು ವರ್ಷ ತುಂಬುವ ಮೊದಲೇ ಹುಡುಗನೂ ಪ್ರಧಾನಿಯಾದ. ನಮ್ಮ ಅಲಂಕಾರಶಾಸ್ತ್ರದ ಪ್ರಕಾರ ಇದು ಅಪಹ್ನುತಿ. ‘ಇದು ಮುಖವಲ್ಲ, ಚಂದ್ರ’ ಎಂದ ಹಾಗೆ.

ಅಂಚಿನ ಟಿಪ್ಪಣಿ:
ಅಪಹ್ನುತಿ ಹೇಗಾಗುತ್ತದೆ? ಅದರಲ್ಲಿ ಅಲ್ಲಗಳೆಯಬೇಕಾದದ್ದು ಉಪಮೇಯವನ್ನು. ಇಲ್ಲಿ ಉಪಮೇಯ ಹುಡುಗ ಪಿಟ್. ಬರ್ಕ್ ಹುಡುಗನನ್ನು ಅಲ್ಲಗಳೆದಿಲ್ಲ, ಒಂದು ಉಪಮಾನವನ್ನು ಬಿಸುಟು ಇನ್ನೊಂದನ್ನು ಹಿಡಿದಿದ್ದಾನೆ. ಇದು ಬರೀ ರೂಪಕ.

ಶಾಲಾ ಪಾಟಿ:
ಹಾಗಾದರೆ ಅತಿಶಯೋಕ್ತಿ ಎನ್ನಿ. ಹುಡುಗನ ಹೆಸರೇ ಇಲ್ಲ, ಕೊರಡು ಅವನನ್ನು ನುಂಗಿದೆ.

ನಿವೃತ್ತ ಮೇಷ್ಟ್ರು:
ಒಂದು ಹೆಜ್ಜೆ ಮುಂದೆ ಹೋದರೆ ಅನನ್ವಯ. ‘ಗಗನಂ ಗಗನಾಕಾರಂ ಸಾಗರಃ ಸಾಗರೋಪಮಃ.’ ಆಕಾಶಕ್ಕೆ ಆಕಾಶವೇ ಸಾಟಿ, ಕೊರಡಿಗೆ ಕೊರಡೇ. ಮಗ ಎಂಬವನೇ ಬೇರೆ ಇಲ್ಲ.

ಗಾಳಿಪಟ:
ಲೀಡ್ಸ್‌ನಲ್ಲಿ ಒಬ್ಬರು ಮನಸ್ಸು ನೋಯಿಸಿಕೊಂಡು ಕುಳಿತಿದ್ದಾರೆ, ಇಲ್ಲಿ ಅಲಂಕಾರ ಪರೀಕ್ಷೆ ನಡೆಯುತ್ತಿದೆ.

ನಿವೃತ್ತ ಮೇಷ್ಟ್ರು:
ಒಪ್ಪಿದೆ. ಆದರೆ ವ್ಯಾಕರಣದ ಮಾತೊಂದು ಉಳಿದಿದೆ, ಅದು ಉಪಯೋಗದ್ದು. ಬಹಳ ಜನ ‘ರಿಸೆಂಬಲ್ಸ್ ಟು’ ಎಂದು ಬರೆಯುತ್ತಾರೆ. ಅಲ್ಲಿ ‘ಟು’ ಬೇಡ. ಕನ್ನಡಿಗರು ಈ ತಪ್ಪು ಮಾಡಲೇಬಾರದು, ಏಕೆಂದರೆ ನಾವು ‘ತಂದೆಗೆ ಹೋಲುತ್ತಾನೆ’ ಎನ್ನುವುದಿಲ್ಲ, ‘ತಂದೆಯನ್ನು ಹೋಲುತ್ತಾನೆ’ ಎನ್ನುತ್ತೇವೆ. ನೇರವಾಗಿ ದ್ವಿತೀಯಾ ವಿಭಕ್ತಿ. ‘ಸಿಮಿಲರ್ ಟು’ ಎಂಬುದರ ಬಾಲವನ್ನು ಇದಕ್ಕೆ ಕಟ್ಟಿದ್ದರಿಂದ ಬಂದ ಪೀಡೆ ಅದು. ‘ಈಸ್ ರಿಸೆಂಬ್ಲಿಂಗ್’ ಎಂಬುದೂ ಬೇಡ. ಮುಖ ಹೋಲುವುದು ಈಗ ನಡೆಯುತ್ತಿರುವ ಕೆಲಸವಲ್ಲ.

‘ಟೇಕ್ ಆಫ್ಟರ್’ ಬಳಸುವವರು ವಯಸ್ಸು ನೋಡಿಕೊಳ್ಳಬೇಕು. ಕಿರಿಯರು ಮನೆಯ ಹಿರಿಯರನ್ನು ಹೋಲಬಹುದು, ಅಪ್ಪ ಮಗನನ್ನು ಹೋಲಲಾಗದು. ಒಮ್ಮೆ ನನ್ನ ವಿದ್ಯಾರ್ಥಿಯೊಬ್ಬ ‘ನನ್ನ ತಾತ ನನ್ನನ್ನು ಹೋಲುತ್ತಾರೆ’ ಎಂಬ ಅರ್ಥದಲ್ಲಿ ಬರೆದಿದ್ದ. ಒಂದು ಅಂಕ ಕಳೆದೆ. ಆಮೇಲೆ ಅವನ ತಾತ ಏನನ್ನೋ ಕೇಳಲು ಶಾಲೆಗೆ ಬಂದರು. ನಡಿಗೆ, ತಲೆ ಕೆರೆದುಕೊಳ್ಳುವ ರೀತಿ, ನೋಡಿದರೆ ಹುಡುಗ ಬರೆದದ್ದೇ ಸರಿ ಅನಿಸಿತು. ಅಂಕ ವಾಪಸ್ ಕೊಡಲಿಲ್ಲ.

ಧಾರವಾಡ ಪೇಡೆ:
ಇಷ್ಟೆಲ್ಲ ಏಕೆ? ನಮ್ಮಲ್ಲಿ ‘ಥೇಟ್ ಅಪ್ಪ’ ಎಂದರೆ ಮುಗಿಯಿತು. ಎರಡೇ ಪದ.

ಶಾಲಾ ಪಾಟಿ:
ಥೇಟ್ ಕನ್ನಡದ್ದಲ್ಲ, ಮರಾಠಿಯಿಂದ ಬಂದದ್ದು. ಅಲ್ಲಿ ‘ಥೇಟ’ ಎಂದರೆ ನೇರ. ಅಚ್ಚಕನ್ನಡ ಬೇಕಿದ್ದರೆ ‘ಪಡಿಯಚ್ಚು’ ಇದೆ.

ಧಾರವಾಡ ಪೇಡೆ:
ಬಂದು ನೂರಾರು ವರ್ಷ ನಮ್ಮ ಮನೆಯಲ್ಲೇ ಉಂಡು ಮಲಗಿದ ಮೇಲೆ ಅದು ನಮ್ಮದೇ. ನಿಮ್ಮ ‘ಪಡಿಯಚ್ಚು’ ಕನ್ನಡದ್ದೇ ಇರಬಹುದು, ಆದರೆ ತೊಟ್ಟಿಲ ಮುಂದೆ ನಿಂತು ‘ಈ ಶಿಶು ತಾತನ ಪಡಿಯಚ್ಚು’ ಎಂದು ಯಾವ ಅಜ್ಜಿ ಹೇಳಿದ್ದಾಳೆ? ಅದು ಅಭಿನಂದನಾ ಗ್ರಂಥದ ಪದ. ‘ತದ್ರೂಪಿ’ಯೂ ಅಷ್ಟೇ, ಪತ್ರಿಕೆಯಲ್ಲಿ ಸಿನಿಮಾ ನಟನ ಹಾಗಿರುವವರ ಬಗ್ಗೆ ಬರೆಯಲು ಇಟ್ಟುಕೊಂಡದ್ದು.

ಕೆ.ಆರ್.ಪುರದ ಕಾಗೆ:
‘ಡಿಟ್ಟೋ’ ಎನ್ನುವವರೂ ಇದ್ದಾರೆ. ಅದೂ ಇಟಲಿಯಿಂದ ಬಂದದ್ದು, ‘ಮೇಲೆ ಹೇಳಿದ್ದೇ’ ಎಂಬರ್ಥ. ವ್ಯಾಪಾರಿಗಳ ಲೆಕ್ಕದ ಪುಸ್ತಕದಿಂದ ನಮ್ಮ ತೊಟ್ಟಿಲಿನವರೆಗೆ ನಡೆದು ಬಂದಿದೆ. ಯಾವುದನ್ನು ಗಡಿಪಾರು ಮಾಡುತ್ತೀರಿ?

ತವರುಮನೆ:
‘ತಾಯಿಯಂತೆ ಮಗಳು, ನೂಲಿನಂತೆ ಸೀರೆ’ ಇರುವಾಗ ಯಾವುದೂ ಬೇಡ. ಆದರೆ ಇದನ್ನು ಹೊಗಳಲು ಹೇಳಿದವರನ್ನು ನಾನು ನೋಡಿಲ್ಲ. ನನ್ನ ಸೊಸೆ ಏನಾದರೂ ಮರೆತಾಗ ಮಾತ್ರ ನನ್ನ ಬಾಯಿಗೆ ಬರುತ್ತದೆ.

ಮಲೆನಾಡ ಜಡಿಮಳೆ:
ಹೋಲಿಕೆ ಹೆಚ್ಚಾದರೆ ಅಪಾಯ ಎಂಬುದಕ್ಕೆ ರಾಮಾಯಣವಿದೆ. ವಾಲಿ ಸುಗ್ರೀವರ ಮೊದಲ ಕಾಳಗದಲ್ಲಿ ರಾಮ ಬಾಣವನ್ನೇ ಬಿಡಲಿಲ್ಲ. ಸುಗ್ರೀವ ಒದೆ ತಿಂದು ಓಡಿಬಂದು ‘ಇದೇನಾ ನೀನು ಕೊಟ್ಟ ಮಾತು’ ಎಂದು ಗೋಳಾಡಿದ. ಮೈಕಟ್ಟು, ಉಡುಗೆ, ನಡಿಗೆ, ಧ್ವನಿ ಎಲ್ಲವೂ ಒಂದೇ ಆಗಿ ಯಾರು ಯಾರೆಂದು ತಿಳಿಯಲಿಲ್ಲ, ನಿನಗೇ ತಗಲಿದರೆ ಎಂದು ಸುಮ್ಮನಿದ್ದೆ ಎಂದ ರಾಮ. ಮರುದಾಳಿಗೆ ಮುಂಚೆ ಲಕ್ಷ್ಮಣ ಗಜಪುಷ್ಪಿಯ ಹೂಬಳ್ಳಿ ಕಿತ್ತು ಸುಗ್ರೀವನ ಕೊರಳಿಗೆ ಹಾಕಿದ. ಮೇಷ್ಟ್ರು ಹೇಳಿದ ಜೂಜಿನ ಕುದುರೆಗಳಿಗೂ ಒಂದೊಂದು ಬಳ್ಳಿ ಕಟ್ಟಿದ್ದರೆ ಈ ನುಡಿಗಟ್ಟೇ ಹುಟ್ಟುತ್ತಿರಲಿಲ್ಲ.

ಗಾಳಿಪಟ:
ಜಗತ್ತಿನಲ್ಲಿ ಒಬ್ಬೊಬ್ಬರ ಹಾಗೆ ಏಳು ಜನ ಇರುತ್ತಾರಂತೆ, ಹೌದೇ?

ಎರಡನೇ ಬೆಂಚು:
ಮತ್ತೆ ‘ಅಂತೆ’.

ಗಾಳಿಪಟ:
ನನ್ನ ಉಳಿದ ಆರು ಜನರೂ ಹೀಗೇ ಬೈಸಿಕೊಳ್ಳುತ್ತಿದ್ದಾರೆಯೇ ಎಂಬುದಷ್ಟೇ ನನ್ನ ಕುತೂಹಲ.

ಅಂಚಿನ ಟಿಪ್ಪಣಿ:
ನಿಮ್ಮವರಲ್ಲಿ ಒಬ್ಬರನ್ನು ಎದುರಿಗೆ ಕಂಡರೆ ಜರ್ಮನ್ ಪದ ‘ಡಾಪೆಲ್‌ಗ್ಯಾಂಗರ್’ ಬಳಸಬಹುದು. ಜೊತೆಜೊತೆಗೆ ನಡೆಯುವವನು ಎಂದರ್ಥ, ಜಾನ್ ಪಾಲ್ ಎಂಬ ಲೇಖಕ 1796ರಲ್ಲಿ ಟಂಕಿಸಿದ್ದು. ತನ್ನದೇ ರೂಪವನ್ನು ಎದುರಿಗೆ ಕಂಡವನಿಗೆ ಸಾವು ಹತ್ತಿರ ಎಂಬ ನಂಬಿಕೆಯೂ ಅದಕ್ಕೆ ಅಂಟಿಕೊಂಡಿದೆ. ಕಾಳುಮೆಣಸು ಅವರೇ, ನೋಡಿ, ನೀವು ಇದನ್ನು ಬಳಸಲಿಲ್ಲವಲ್ಲ, ಬಚಾವಾದಿರಿ.

ಕಾಳುಮೆಣಸು:
ಎಲ್ಲರಿಗೂ ಧನ್ಯವಾದ. ಕಚೇರಿ ಕೆಲಸ ಬಿಟ್ಟು ಓದಿದ್ದೇನೆ.

ಈಗಷ್ಟೇ ಲೀಡ್ಸ್‌ನಿಂದ ಉತ್ತರ ಬಂತು. ಎರಡು ದಿನ ಮಗುವಿಗೆ ಕಾಮಾಲೆಯ ನೀಲಿ ದೀಪದ ಚಿಕಿತ್ಸೆ ನಡೆಯುತ್ತಿತ್ತಂತೆ, ಅವರು ಮೊಬೈಲ್ ಮುಟ್ಟಿರಲಿಲ್ಲ. ಈಗ ಮನೆಗೆ ಬಂದಿದ್ದಾರೆ. ನನ್ನ ಸಂದೇಶದ ಕೆಳಗೆ ಬರೆದದ್ದು ಇಷ್ಟೇ: ‘ಕಿವಿಯ ಸಮೇತ.’ ಅದರ ಕೆಳಗೆ ಇನ್ನೊಂದು ಫೋಟೋ. ತೀರಿಕೊಂಡ ಆ ತಾತ ಎಂಟು ತಿಂಗಳ ಕೂಸಾಗಿದ್ದಾಗಿನದು, ಉಣ್ಣೆಯ ಟೋಪಿ ಹಾಕಿದ್ದಾರೆ, ಎಡಗಿವಿ ಟೋಪಿಯ ಅಂಚಿನಿಂದ ಹೊರಗೆ ಚಾಚಿದೆ. ಅಮ್ಮ ಪೆಟ್ಟಿಗೆಯಿಂದ ಹುಡುಕಿ ಕೊಟ್ಟರಂತೆ. ‘ನಿಮ್ಮ ಭಾಷೆಯಲ್ಲಿ ಇದಕ್ಕೆ ಏನು ಹೇಳುತ್ತೀರಿ’ ಎಂದು ಕೇಳಿದ್ದಾರೆ. ಎರಕ ಹೊಯ್ದ ಹಾಗೆ ಎಂದು ಬರೆದು, ಕರಗಿದ ಕಂಚನ್ನು ಅಚ್ಚಿಗೆ ಸುರಿಯುವುದನ್ನು ವಿವರಿಸಿದೆ. ಹೆಂಡತಿಗೆ ತೋರಿಸಿದೆ. ‘ನಿಮ್ಮ ಅದೃಷ್ಟ’ ಎಂದಳು.

ತವರುಮನೆ:
ಮಗು ಹುಷಾರಾಗಿದೆ ತಾನೇ? ಅದು ಮೊದಲು ಹೇಳಬೇಕಾದ ವಿಷಯ.

ಕಾಳುಮೆಣಸು:
ಹುಷಾರಾಗಿದೆ. ತೂಕವೂ ಹೆಚ್ಚಿದೆಯಂತೆ.

ಧಾರವಾಡ ಪೇಡೆ:
‘ಥೇಟ್’ ಎಂದು ಕಲಿಸಿದ್ದರೆ ಅವರಿಗೆ ಉಚ್ಚರಿಸಲು ಸುಲಭವಾಗುತ್ತಿತ್ತು.

ಹಳೆಯ ಟೈಪಿಸ್ಟ್:
ಅಂತೂ ಅಳಿಸಲಿಲ್ಲ.

ಕಾಳುಮೆಣಸು:
ಅಳಿಸಲಿಲ್ಲ. ಆದರೆ ‘ಫಾರ್’ ಇರಬೇಕಾದಲ್ಲಿ ‘ಆಫ್’ ಎಂದು ಬರೆದಿದ್ದೆ. ಮೇಷ್ಟ್ರು ಹೇಳಿದ ಕೂಡಲೇ ಯಾರಿಗೂ ತಿಳಿಯದ ಹಾಗೆ ತಿದ್ದಿದೆ.

ನಿವೃತ್ತ ಮೇಷ್ಟ್ರು:
ತಿದ್ದಿದರೆ ಪಕ್ಕದಲ್ಲಿ ‘ತಿದ್ದಲಾಗಿದೆ’ ಎಂದು ಕಾಣುತ್ತದೆ. ಅರ್ಧ ಅಂಕ ಕಳೆದಿದ್ದೇನೆ.